ಚಿತ್ರ ಬಿಡಿಸೋದು ಹುಟ್ಟಿನಿಂದಲೇ ಬರಬೇಕಾ? ರೇಖಾಚಿತ್ರದ ಬಗ್ಗೆ ಹರಿದಾಡುವ 5 ಮಾತುಗಳು ಮತ್ತು ನಿಜಾಂಶ

ಹುಬ್ಬಳ್ಳಿ-ಧಾರವಾಡದಲ್ಲಿ ಯಾರ ಕೈಗಾದರೂ ಒಂದು ಬಾಲ್‌ಪೆನ್ನು, ಹಾಳೆ ಕೊಟ್ಟು "ಎದುರಿಗಿರೋ ಚಾದ ಕಪ್ಪಿನ ಚಿತ್ರಾ ತಗೀರಿ" ಎಂದು ಹೇಳಿ ನೋಡಿ. ಹತ್ತರಲ್ಲಿ ಎಂಟು ಮಂದಿಯಾದರೂ "ಅಯ್ಯ, ನನಗ ಚಿತ್ರಾ ತಗಿಯಾಕ ಬರಂಗಿಲ್ರಿ" ಎನ್ನುವವರೇ. ಹೀಗೆ ಹೇಳಿದವರೇ ಅಂದು ಬೆಳಿಗ್ಗೆ ಮನೆ ಮುಂದೆ 15 ಚುಕ್ಕಿಯ ರಂಗೋಲಿಯನ್ನು ಒಂದು ಗೆರೆಯೂ ತಪ್ಪದಂತೆ ಹಾಕಿ ಬಂದಿರಬಹುದು.

ಈ ಹಿಂಜರಿಕೆಯ ಜೊತೆಗೆ ಮೊಬೈಲಿಗೆ ಬರುವ ಫಾರ್ವರ್ಡ್‌ಗಳೂ ಸೇರಿಕೊಳ್ಳುತ್ತವೆ. ಚಿತ್ರ ಬಿಡಿಸುವವರದು ಬಲ ಮೆದುಳು, ದಿನಾ ಗೆರೆ ಎಳೆದರೆ ಖಿನ್ನತೆ ಮಾಯ, ಗೀಚುವ ಮಕ್ಕಳಿಗೆ ಓದಿನಲ್ಲಿ ಗಮನ ಇರುವುದಿಲ್ಲ ಎಂಬಂಥ ಮಾತುಗಳು. ಇವುಗಳಲ್ಲಿ ಎಷ್ಟು ನಿಜ?

ಒಂದೇ ನೋಟದಲ್ಲಿ

• ನೋಡಿ ಬಿಡಿಸುವುದು ಬಹುಮಟ್ಟಿಗೆ ಕಲಿತು ಬರುವ ಕೌಶಲ. ಹುಟ್ಟುಗುಣದ ಪಾಲು ಇದೆ, ಆದರೆ ಚಿಕ್ಕದು.
• "ಬಲ ಮೆದುಳಿನವರು, ಎಡ ಮೆದುಳಿನವರು" ಎಂಬ ವಿಂಗಡಣೆಗೆ ಆಧಾರವಿಲ್ಲ.
• ಚಿತ್ರ ಬಿಡಿಸುವುದು ಮನಸ್ಸಿಗೆ ಹಗುರ ಎನಿಸಬಹುದು. ಖಿನ್ನತೆಗೆ ಅದೊಂದೇ ಚಿಕಿತ್ಸೆ ಅಲ್ಲ.
• ಸುಮ್ಮನೆ ಗೀಚುವುದು ಯಾವಾಗಲೂ ಗಮನ ತಪ್ಪಿದ ಲಕ್ಷಣವಲ್ಲ.
• ಫಾರ್ವರ್ಡ್ ಆಗಿ ಬಂದ ಚಿತ್ರ "ಎಲ್ಲರದ್ದೂ" ಅಲ್ಲ. ಅದಕ್ಕೊಬ್ಬ ಒಡೆಯರಿದ್ದಾರೆ.

ರೇಖಾಚಿತ್ರ ಎಂದರೇನು?

ಬಣ್ಣ ತುಂಬದೆ, ಮುಖ್ಯವಾಗಿ ಗೆರೆಗಳಿಂದಲೇ ಆಕಾರ ಮೂಡಿಸುವುದು ರೇಖಾಚಿತ್ರ. ಪೆನ್ಸಿಲ್, ಬಾಲ್‌ಪೆನ್, ಇದ್ದಿಲು, ಸೀಮೆಸುಣ್ಣ, ಮೊಬೈಲ್ ಪರದೆಯ ಮೇಲೆ ಬೆರಳು, ಯಾವುದಾದರೂ ನಡೆಯುತ್ತದೆ.

ಇಲ್ಲೊಂದು ಸೋಜಿಗವಿದೆ. ನಿಜವಾದ ಕಪ್ಪಿನ ಸುತ್ತ ಕರಿ ಗೆರೆ ಇರುವುದಿಲ್ಲ. ಆದರೂ ನಾಲ್ಕು ಗೆರೆ ಎಳೆದರೆ ಅದು ಕಪ್ಪು ಎಂದು ತಕ್ಷಣ ಗೊತ್ತಾಗುತ್ತದೆ. ನಮ್ಮ ಕಣ್ಣು ಮತ್ತು ಮೆದುಳು ವಸ್ತುಗಳನ್ನು ಗುರುತಿಸುವಾಗ ಅಂಚುಗಳಿಗೆ ಹೆಚ್ಚು ಬೆಲೆ ಕೊಡುವುದೇ ಇದಕ್ಕೆ ಕಾರಣ. ಅಮೆರಿಕದ ಮನಃಶಾಸ್ತ್ರಜ್ಞರಾದ ಹಾಕ್‌ಬರ್ಗ್ ಮತ್ತು ಬ್ರೂಕ್ಸ್ 1962ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸುಮಾರು 19 ತಿಂಗಳವರೆಗೆ ಚಿತ್ರಗಳ ಪರಿಚಯವೇ ಆಗದಂತೆ ಬೆಳೆಸಿದ ಒಂದು ಮಗು ಪರಿಚಿತ ವಸ್ತುಗಳ ರೇಖಾಚಿತ್ರ ನೋಡಿ ಹೆಸರು ಹೇಳಿತ್ತು. ಗೆರೆಯ ಭಾಷೆಯನ್ನು ಓದಲು ಯಾರೂ ನಮಗೆ ಕಲಿಸಬೇಕಿಲ್ಲ. ಬರೆಯಲು ಮಾತ್ರ ಅಭ್ಯಾಸ ಬೇಕು.

ಮಾತು 1: "ಚಿತ್ರಕಲೆ ಹುಟ್ಟಿನಿಂದ ಬರಬೇಕು, ಕಲಿತರೆ ಬರಲ್ಲ"

ನಿಜಾಂಶ: ಬಹುಮಟ್ಟಿಗೆ ತಪ್ಪು.

ಹುಟ್ಟುಗುಣದ ಪಾಲು ಶೂನ್ಯವೇನಲ್ಲ. ಬ್ರಿಟನ್ನಿನಲ್ಲಿ 7,752 ಜೋಡಿ ಅವಳಿ ಮಕ್ಕಳಿಗೆ 4ನೇ ವಯಸ್ಸಿನಲ್ಲಿ ಮನುಷ್ಯನ ಚಿತ್ರ ಬಿಡಿಸಲು ಹೇಳಿ ನಡೆಸಿದ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಕಣ್ಣು, ಮೂಗು, ಕೈ, ಕಾಲು ಎಷ್ಟು ಸರಿಯಾಗಿ ಸೇರಿವೆ ಎಂಬುದಕ್ಕೆ ಅಂಕ ಕೊಟ್ಟರು. ಮಕ್ಕಳ ನಡುವಿನ ವ್ಯತ್ಯಾಸದಲ್ಲಿ ವಂಶವಾಹಿಗಳ ಪಾಲು ಶೇ 29ರಷ್ಟು ಎಂದು ತಿಳಿದುಬಂತು. ಉಳಿದದ್ದು ಬೇರೆ ಕಾರಣಗಳಿಂದ.

ಹಾಗಾದರೆ ದೊಡ್ಡವರಿಗೆ ಏಕೆ ಬಿಡಿಸಲು ಬರುವುದಿಲ್ಲ? ಕೋಹೆನ್ ಮತ್ತು ಬೆನೆಟ್ ಎಂಬ ಸಂಶೋಧಕರು 1997ರಲ್ಲಿ ಇದೇ ಪ್ರಶ್ನೆ ಎತ್ತಿಕೊಂಡರು. ಕೈ ಓಡದಿರುವುದು ಮುಖ್ಯ ಕಾರಣವಲ್ಲ, ಎದುರಿಗಿರುವುದನ್ನು ತಪ್ಪಾಗಿ ಕಾಣುವುದೇ ದೊಡ್ಡ ಕಾರಣ ಎಂಬುದು ಅವರ ತೀರ್ಮಾನ.

ಕಪ್ಪಿನ ಉದಾಹರಣೆಯನ್ನೇ ತೆಗೆದುಕೊಳ್ಳಿ. ಕಪ್ಪಿನ ಬಾಯಿ ದುಂಡಗೆ ಎಂದು ನಮಗೆ ಗೊತ್ತು. ಆದರೆ ಕುಳಿತಲ್ಲಿಂದ ನೋಡಿದರೆ ಅದು ಕಾಣುವುದು ಒತ್ತಿದ ಮೊಟ್ಟೆಯಂತೆ. ನಾವು ಕಂಡದ್ದನ್ನು ಬಿಟ್ಟು ಗೊತ್ತಿದ್ದದ್ದನ್ನು ಬಿಡಿಸುತ್ತೇವೆ. ಆಗ ಚಿತ್ರ "ಸರಿ ಬರಲಿಲ್ಲ" ಅನಿಸುತ್ತದೆ. ಕೋಹೆನ್ 2005ರ ಮತ್ತೊಂದು ಅಧ್ಯಯನದಲ್ಲಿ, ಚೆನ್ನಾಗಿ ಬಿಡಿಸುವವರು ಹಾಳೆ ಮತ್ತು ವಸ್ತುವಿನ ನಡುವೆ ಹೆಚ್ಚು ಸಲ ಕಣ್ಣು ಹಾಯಿಸುತ್ತಾರೆ ಎಂದು ತೋರಿಸಿದರು. ಇದು ಯಾರಾದರೂ ರೂಢಿಸಿಕೊಳ್ಳಬಹುದಾದ ಚಟುವಟಿಕೆ.

ನಮ್ಮ ಕರಾವಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರ್ ರೇಖೆಗಳಿಗಾಗಿಯೇ ಹೆಸರಾದವರು. ಅವರು ಮುಂಬೈನ ಜೆ.ಜೆ. ಕಲಾಶಾಲೆಯಲ್ಲಿ ಕಲಿತರು. ಲಯ ಅರ್ಥವಾಗಲಿ ಎಂದು ಕಥಕ್ ನೃತ್ಯವನ್ನೂ ಅಭ್ಯಾಸ ಮಾಡಿದರು. ಕುಣಿಯುವವರ ಅವರ ರೇಖಾಚಿತ್ರಗಳಲ್ಲಿ ಕೆಲವೇ ಗೆರೆಗಳಿರುತ್ತವೆ. ನೋಡಿದವರಿಗೆ ಅದು ಸಲೀಸು ಎನಿಸುತ್ತದೆ, ಅದರ ಹಿಂದಿನ ವರ್ಷಗಳ ಕಲಿಕೆ ಕಾಣುವುದಿಲ್ಲ.

ನಮ್ಮ ಭಾಗದಲ್ಲಿ ಗೆರೆ ಹೊಸತಲ್ಲ

ಧಾರವಾಡದ ಕಡೆಯ ಕಸೂತಿ ಎಂದರೆ ದಾರದಲ್ಲಿ ಬಿಡಿಸಿದ ರೇಖಾಚಿತ್ರ. ಗೋಪುರ, ತೇರು, ತುಳಸಿಕಟ್ಟೆ, ಆನೆ, ನವಿಲು ಎಲ್ಲವೂ ಗೆರೆಗಳಲ್ಲೇ ಮೂಡುತ್ತವೆ. ಸಾಂಪ್ರದಾಯಿಕ ಕಸೂತಿಯಲ್ಲಿ ಬಟ್ಟೆಯ ಮೇಲೆ ಮೊದಲು ಅಚ್ಚು ಹಾಕಿಕೊಳ್ಳುವುದಿಲ್ಲ, ಎಳೆಗಳನ್ನು ಎಣಿಸಿಕೊಂಡು ಸೂಜಿ ಹಾಕುತ್ತಾರೆ. ಗವಂತಿ ಹೊಲಿಗೆಯಲ್ಲಿ ಸೂಜಿ ಒಂದು ಸಲ ಬಿಟ್ಟು ಬಿಟ್ಟು ಹೋಗಿ, ಬಂದ ದಾರಿಯಲ್ಲೇ ಮರಳಿ ಖಾಲಿ ಜಾಗ ತುಂಬುತ್ತದೆ. ಹಾಗಾಗಿ ಬಟ್ಟೆಯ ಎರಡೂ ಬದಿ ಒಂದೇ ಥರ ಕಾಣುತ್ತದೆ. ಯಾವ ಗೆರೆಯನ್ನು ಮೊದಲು ದಾಟಬೇಕು, ಎಲ್ಲಿಂದ ತಿರುಗಬೇಕು ಎಂಬ ಲೆಕ್ಕ ಪೂರ್ತಿ ತಲೆಯಲ್ಲೇ ಇರಬೇಕು. ಅಕ್ಕ, ಅವ್ವ, ಅತ್ತೆಯರ ಕೈ ನೋಡಿ ಕಲಿತ ವಿದ್ಯೆ ಇದು. ಇಂದು ಕರ್ನಾಟಕದ ಕಸೂತಿಗೆ ಭೌಗೋಳಿಕ ಗುರುತು, ಅಂದರೆ ಜಿಐ ಟ್ಯಾಗ್ ಇದೆ.

ಚುಕ್ಕಿ ರಂಗೋಲಿಯೂ ಹೀಗೆಯೇ. ಇದೇ ಬಗೆಯ ತಮಿಳುನಾಡಿನ ಕೋಲಂ ಗೆರೆಗಳ ನಿಯಮಗಳನ್ನು ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನ ಗಿಫ್ಟ್ ಸಿರೋಮನಿ ಮತ್ತು ಸಂಗಡಿಗರು 1970ರ ದಶಕದಲ್ಲಿ ಗಣಿತ ಮತ್ತು ಕಂಪ್ಯೂಟರ್ ವಿಜ್ಞಾನದ ವಿಷಯವಾಗಿ ಅಧ್ಯಯನ ಮಾಡಿದರು.

ಶಾಲೆ ಕಟ್ಟಿ ಚಿತ್ರಕಲೆ ಕಲಿಸಿದವರೂ ನಮ್ಮಲ್ಲಿದ್ದಾರೆ. ಧಾರವಾಡದಲ್ಲಿ ಡಿ.ವಿ. ಹಾಲಭಾವಿ ಅವರ ಕಲಾಶಾಲೆ, ಗದಗಿನಲ್ಲಿ ಟಿ.ಪಿ. ಅಕ್ಕಿ ಅವರ ವಿಜಯ ಕಲಾ ಮಂದಿರ ಈ ಭಾಗದ ಅನೇಕ ಕಲಾವಿದರನ್ನು, ಡ್ರಾಯಿಂಗ್ ಮಾಸ್ತರರನ್ನು ತಯಾರು ಮಾಡಿದವು. ಕಲಿಸಿದರೆ ಬರುತ್ತದೆ ಎಂಬ ನಂಬಿಕೆ ಇಲ್ಲದಿದ್ದರೆ ಈ ಶಾಲೆಗಳು ಹುಟ್ಟುತ್ತಲೇ ಇರಲಿಲ್ಲ.

ಮಾತು 2: "ಚಿತ್ರ ಬಿಡಿಸುವವರು ಬಲ ಮೆದುಳಿನವರು"

ನಿಜಾಂಶ: ತಪ್ಪು.

ಮೆದುಳಿನ ಎರಡು ಅರ್ಧಗಳ ನಡುವಿನ ಕೊಂಡಿಯನ್ನು ಶಸ್ತ್ರಚಿಕಿತ್ಸೆಯಿಂದ ಕತ್ತರಿಸಲಾಗಿದ್ದ ರೋಗಿಗಳನ್ನು ರೋಜರ್ ಸ್ಪೆರಿ ಅಧ್ಯಯನ ಮಾಡಿದ್ದರು. ಆ ಕೆಲಸಕ್ಕೆ 1981ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಕೆಲವು ಕೆಲಸಗಳಲ್ಲಿ ಒಂದು ಅರ್ಧದ ಪಾಲು ಹೆಚ್ಚು ಎಂಬುದು ನಿಜ. ಉದಾಹರಣೆಗೆ, ಮಾತಿನ ಕೆಲಸ ಹೆಚ್ಚಿನವರಲ್ಲಿ ಎಡಗಡೆ ನಡೆಯುತ್ತದೆ. ಆದರೆ ಅದರಿಂದ "ಇವರು ಬಲ ಮೆದುಳಿನ ಜನ, ಅವರು ಎಡ ಮೆದುಳಿನ ಜನ" ಎಂದು ಹೇಳಲಾಗದು. ಅಮೆರಿಕದ ಯೂಟಾ ವಿಶ್ವವಿದ್ಯಾಲಯದವರು 1,011 ಜನರ ಮೆದುಳಿನ ಸ್ಕ್ಯಾನ್ ಪರೀಕ್ಷಿಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಇಡೀ ಮೆದುಳಿನ ಒಂದು ಬದಿಯನ್ನೇ ಹೆಚ್ಚು ಬಳಸುವ ಜನ ಎಂಬ ಗುಂಪು ಅದರಲ್ಲಿ ಸಿಗಲಿಲ್ಲ.

ಈ ಮಾತು ಜನಪ್ರಿಯವಾಗಲು 1979ರಲ್ಲಿ ಬಂದ ಬೆಟ್ಟಿ ಎಡ್ವರ್ಡ್ಸ್ ಅವರ ಚಿತ್ರಕಲೆಯ ಪುಸ್ತಕವೂ ಒಂದು ಕಾರಣ. ಅದರಲ್ಲಿನ ಅಭ್ಯಾಸಗಳು ಉಪಯುಕ್ತವೇ. ಚಿತ್ರವೊಂದನ್ನು ತಲೆಕೆಳಗಾಗಿ ಇಟ್ಟು ನಕಲು ಮಾಡುವ ಅಭ್ಯಾಸ ಇವತ್ತಿಗೂ ಕೆಲಸಕ್ಕೆ ಬರುತ್ತದೆ. ಚಿತ್ರ ತಲೆಕೆಳಗಾದಾಗ ಅದು ಮೂಗು, ಇದು ಕಣ್ಣು ಎಂಬುದು ಮರೆತು ಗೆರೆಯ ಓರೆ, ಉದ್ದ ಮಾತ್ರ ಕಾಣುತ್ತದೆ. ಅಭ್ಯಾಸ ಸರಿ, ಅದಕ್ಕೆ ಕೊಟ್ಟ ಮೆದುಳಿನ ವಿವರಣೆ ಮಾತ್ರ ನಿಲ್ಲುವುದಿಲ್ಲ.

ಮಾತು 3: "ದಿನಾ ಚಿತ್ರ ಬಿಡಿಸಿದರೆ ಖಿನ್ನತೆ, ಬಿಪಿ ವಾಸಿ, ಮಾತ್ರೆ ಬೇಡ"

ನಿಜಾಂಶ: ಅರ್ಧ ಸತ್ಯ, ಆದ್ದರಿಂದಲೇ ಅಪಾಯಕಾರಿ.

ಇಂಥ ಸಂದೇಶಗಳು ನೆಚ್ಚಿಕೊಳ್ಳುವ ಅಧ್ಯಯನಗಳಲ್ಲಿ ಒಂದು 2016ರಲ್ಲಿ ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದಿಂದ ಬಂದದ್ದು. 39 ವಯಸ್ಕರು 45 ನಿಮಿಷ ಚಿತ್ರ, ಜೇಡಿಮಣ್ಣು, ಕೊಲಾಜ್ ಕೆಲಸ ಮಾಡಿದರು. ಸುಮಾರು ಶೇ 75 ಮಂದಿಯಲ್ಲಿ ಒತ್ತಡಕ್ಕೆ ಸಂಬಂಧಿಸಿದ ಕಾರ್ಟಿಸೋಲ್ ಹಾರ್ಮೋನಿನ ಮಟ್ಟ ಇಳಿಯಿತು. ಮೊದಲೇ ಚಿತ್ರ ಬಿಡಿಸಿ ಗೊತ್ತಿದ್ದವರಿಗೂ ಹೊಸಬರಿಗೂ ಇದರಲ್ಲಿ ವ್ಯತ್ಯಾಸ ಕಾಣಲಿಲ್ಲ. ಇದು ಸಂತೋಷದ ಸುದ್ದಿಯೇ.

ಆದರೆ ಅಷ್ಟೇ ಮುಖ್ಯವಾದ ಉಳಿದ ಮಾತು ಫಾರ್ವರ್ಡ್‌ನಲ್ಲಿ ಇರುವುದಿಲ್ಲ. ಭಾಗವಹಿಸಿದವರು ಕೇವಲ 39 ಜನ. ಸುಮ್ಮನೆ ಕುಳಿತವರೊಂದಿಗೆ ಅಥವಾ ಹಾಡು ಕೇಳಿದವರೊಂದಿಗೆ ಹೋಲಿಕೆ ಮಾಡಿರಲಿಲ್ಲ. ಉಳಿದ ಕಾಲುಭಾಗ ಜನರಲ್ಲಿ ಕಾರ್ಟಿಸೋಲ್ ಇಳಿಯಲೇ ಇಲ್ಲ. ಅಳೆದದ್ದು ಒಂದು ಕೂತದ ಪರಿಣಾಮ. ಅದು ಖಿನ್ನತೆಯ ಚಿಕಿತ್ಸೆಯ ಪರೀಕ್ಷೆಯೂ ಅಲ್ಲ, ಬಿಪಿಯ ಪರೀಕ್ಷೆಯೂ ಅಲ್ಲ.

ಬೇಸರ ಕಳೆಯಲು, ಮನಸ್ಸು ತಿಳಿಯಾಗಲು ಚಿತ್ರ ಬಿಡಿಸಿ, ಒಳ್ಳೆಯದು. ತರಬೇತಿ ಪಡೆದವರು ನಡೆಸುವ ಕಲಾ ಚಿಕಿತ್ಸೆ ಎಂಬುದೂ ಇದೆ. ಅದು ವೈದ್ಯಕೀಯ ಚಿಕಿತ್ಸೆಯ ಜೊತೆಗೆ ನಡೆಯುವಂಥದ್ದು. ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಯಾವುದರಲ್ಲೂ ಮನಸ್ಸಿಲ್ಲ, ಬದುಕೇ ಬೇಡ ಎನಿಸುತ್ತಿದೆ ಎಂದಾದರೆ ನೋಟ್‌ಬುಕ್ಕಿನ ಮೇಲೆ ಭಾರ ಹಾಕಿ ಕೂರಬೇಡಿ. ಧಾರವಾಡದಲ್ಲೇ ಡಿಮ್ಹಾನ್ಸ್ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಇದೆ. ಮನೆಯಿಂದಲೇ ಮಾತಾಡಬೇಕೆಂದರೆ ಟೆಲಿ-ಮಾನಸ್ ಉಚಿತ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಬಿಪಿ ಅಥವಾ ಖಿನ್ನತೆಯ ಮಾತ್ರೆಯನ್ನು ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ.

ಮಾತು 4: "ಪಾಠ ಕೇಳುವಾಗ ಗೀಚುವ ಮಗುವಿಗೆ ಗಮನವೇ ಇಲ್ಲ"

ನಿಜಾಂಶ: ಯಾವಾಗಲೂ ಹಾಗಲ್ಲ.

ಬ್ರಿಟನ್ನಿನ ಪ್ಲಿಮತ್ ವಿಶ್ವವಿದ್ಯಾಲಯದ ಜಾಕಿ ಆಂಡ್ರೇಡ್ 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 40 ಜನರಿಗೆ ಬೇಸರ ಹಿಡಿಸುವ ಫೋನ್ ಸಂದೇಶವೊಂದನ್ನು ಕೇಳಿಸಿದರು. ಅರ್ಧ ಜನ ಕೇಳುತ್ತಾ ಹಾಳೆಯ ಮೇಲಿನ ಆಕಾರಗಳಿಗೆ ಪೆನ್ಸಿಲಿನಿಂದ ಗೀಟು ತುಂಬುತ್ತಿದ್ದರು. ಆಮೇಲೆ ಕೇಳಿದಾಗ ಅವರು ಉಳಿದವರಿಗಿಂತ ಶೇ 29ರಷ್ಟು ಹೆಚ್ಚು ವಿಷಯ ನೆನಪಿಟ್ಟುಕೊಂಡಿದ್ದರು. ಇದು ಚಿಕ್ಕ ಅಧ್ಯಯನ. ಅವರು ಮಾಡುತ್ತಿದ್ದದ್ದು ತಲೆ ಬೇಡದ ಗೀಚಾಟ. ಪಾಠದ ನಡುವೆ ಮನಸ್ಸಿಟ್ಟು ದೊಡ್ಡ ಚಿತ್ರ ಬಿಡಿಸುತ್ತಾ ಕುಳಿತರೆ ಇದೇ ಲಾಭ ಸಿಗುತ್ತದೆ ಎಂದು ಇದರಿಂದ ಹೇಳಲಾಗದು.

ಇನ್ನೊಂದು ಕಡೆ, ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ ಸರಣಿ ಪ್ರಯೋಗಗಳಲ್ಲಿ, ಬರೆದುಕೊಂಡ ಪದಗಳಿಗಿಂತ ಚಿತ್ರ ಬಿಡಿಸಿಕೊಂಡ ಪದಗಳೇ ಜನರಿಗೆ ಹೆಚ್ಚು ನೆನಪಿನಲ್ಲಿದ್ದವು. ಚಿತ್ರ ಚೆಂದ ಇರಬೇಕೆಂದೇನೂ ಇರಲಿಲ್ಲ. ಹೂವಿನ ಭಾಗಗಳು, ಹೃದಯದ ಕೋಣೆಗಳು, ನೀರಿನ ಚಕ್ರ ಮುಂತಾದ ಪಾಠಗಳನ್ನು ಮಕ್ಕಳು ತಾವೇ ಬಿಡಿಸಿ ಕಲಿಯಲಿ. ವಕ್ರವಾಗಿದೆ ಎಂದು ಅಳಿಸಿಸಬೇಡಿ. "ನಿನಗ ಬರಂಗಿಲ್ಲ ಬಿಡು" ಎಂಬ ಒಂದು ಮಾತು ಮಗುವಿನ ಕೈಯಿಂದ ಪೆನ್ಸಿಲನ್ನು ಬಹಳ ವರ್ಷ ದೂರ ಇಡಬಲ್ಲದು.

ಶುರು ಮಾಡುವುದು ಹೇಗೆ?

ದುಬಾರಿ ಸಾಮಾನು ಬೇಡ. ಗೆರೆ ಇಲ್ಲದ ಒಂದು ನೋಟ್‌ಬುಕ್ಕು, ಒಂದು ಬಾಲ್‌ಪೆನ್ನು ಸಾಕು. ಪೆನ್ನಾದರೆ ಅಳಿಸಲು ಆಗುವುದಿಲ್ಲ, ಹಾಗಾಗಿ ಅಳಿಸುತ್ತಾ ಕೂರುವ ಚಟವೂ ಹತ್ತುವುದಿಲ್ಲ.

1. ಕೈ ಸಡಿಲಿಸಿ: ಮಣಿಕಟ್ಟನ್ನು ಮಾತ್ರ ಆಡಿಸದೆ, ಭುಜದಿಂದ ಕೈ ಆಡಿಸಿ ಉದ್ದ ಗೆರೆ, ದೊಡ್ಡ ವೃತ್ತ ಎಳೆಯಿರಿ. ನಡುಗುವ ಗೆರೆ ಬಂದರೆ ಅಂಜಬೇಡಿ, ಹೊಸಬರಿಗೆಲ್ಲ ಹಾಗೆಯೇ. (ಬಟ್ಟಲು ಹಿಡಿದಾಗಲೂ, ಸಹಿ ಮಾಡುವಾಗಲೂ ಕೈ ಹೊಸದಾಗಿ ನಡುಗತೊಡಗಿದ್ದರೆ ಅದು ಬೇರೆ ವಿಷಯ, ವೈದ್ಯರಿಗೆ ತೋರಿಸಿ.)

2. ಹಾಳೆ ನೋಡದೆ ಬಿಡಿಸಿ: ನಿಮ್ಮ ಎಡಗೈಯನ್ನೇ ನೋಡುತ್ತಾ, ಇರುವೆ ಅಂಚಿನ ಮೇಲೆ ಹರಿದಂತೆ ಕಣ್ಣು ನಿಧಾನ ಸಾಗಲಿ, ಪೆನ್ನು ಅದೇ ವೇಗದಲ್ಲಿ ಹೋಗಲಿ. ಚಿತ್ರ ವಿಚಿತ್ರವಾಗಿ ಬರುತ್ತದೆ. ಇಲ್ಲಿ ಪಳಗುವುದು ಕಣ್ಣು.

3. ಖಾಲಿ ಜಾಗ ಬಿಡಿಸಿ: ಕಪ್ಪಿನ ಹಿಡಿಕೆಯ ಬದಲು, ಹಿಡಿಕೆಯ ಒಳಗಿನ ಕಿಂಡಿಯ ಆಕಾರ ಬಿಡಿಸಿ. ಹಿಡಿಕೆ ತಾನಾಗಿ ಸರಿ ಬರುತ್ತದೆ.

4. ಸ್ವಲ್ಪ ನೋಡಿ, ಪದೇಪದೇ ನೋಡಿ: ಒಂದು ಚಿಕ್ಕ ಗೆರೆ, ಮತ್ತೆ ಕಣ್ಣೆತ್ತಿ ನೋಟ, ಮತ್ತೊಂದು ಗೆರೆ.

5. ಹೊರಗೆ ಹೋಗಿ: ಉಣಕಲ್ ಕೆರೆ ದಂಡೆ, ಸಾಧನಕೇರಿಯ ಮರಗಳು, ದುರ್ಗದಬೈಲಿನ ಗಾಡಿಗಳು, ಚಿಗರಿ ಬಸ್ಸಿಗೆ ಕಾಯುವ ನಿಲ್ದಾಣ. ಹತ್ತು ನಿಮಿಷ ಕಾಯುವಲ್ಲೆಲ್ಲ ಒಂದು ಚಿತ್ರ ಸಿಗುತ್ತದೆ. ತಾವಿರುವ ಜಾಗದಲ್ಲೇ ಕೂತು, ಕಂಡದ್ದನ್ನು ಬಿಡಿಸಿ ಹಂಚಿಕೊಳ್ಳುವ "ಅರ್ಬನ್ ಸ್ಕೆಚರ್ಸ್" ಎಂಬ ಬಳಗ 2007ರಲ್ಲಿ ಅಮೆರಿಕದ ಸಿಯಾಟಲ್‌ನ ಪತ್ರಕರ್ತರೊಬ್ಬರಿಂದ ಶುರುವಾಗಿ ಈಗ ಹಲವು ದೇಶಗಳಲ್ಲಿದೆ.

ಪ್ರತಿ ಹಾಳೆಯ ಮೂಲೆಯಲ್ಲಿ ತಾರೀಖು ಬರೆಯಿರಿ. ಮೂರು ತಿಂಗಳ ನಂತರ ಹಿಂದಿರುಗಿ ನೋಡಿದಾಗ "ಬರಂಗಿಲ್ಲ" ಎಂಬ ಮಾತಿಗೆ ನಿಮ್ಮ ನೋಟ್‌ಬುಕ್ಕೇ ಉತ್ತರ ಕೊಡುತ್ತದೆ.

ಮಾತು 5: "ಗ್ರೂಪಿನಲ್ಲಿ ಬಂದ ಚಿತ್ರ ಯಾರು ಬೇಕಾದರೂ ಬಳಸಬಹುದು"

ನಿಜಾಂಶ: ತಪ್ಪು.

ವಾಟ್ಸಾಪ್‌ನಲ್ಲಿ ಫಾರ್ವರ್ಡ್ ಮಾಡಿದ ಚಿತ್ರದ ಮೇಲೆ "ಫಾರ್ವರ್ಡ್ ಆದದ್ದು" ಎಂಬ ಗುರುತು ಬರುತ್ತದೆ. ಮೊದಲು ಕಳಿಸಿದವರ ಹೆಸರು ಬರುವುದಿಲ್ಲ. ಎರಡು ಗ್ರೂಪು ದಾಟುವಷ್ಟರಲ್ಲಿ ಚಿತ್ರ ಯಾರದೆಂದು ಯಾರಿಗೂ ಗೊತ್ತಿರುವುದಿಲ್ಲ. ಹಾಗೆಂದು ಅದರ ಹಕ್ಕು ಹೋಗುವುದಿಲ್ಲ.

ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಸ್ವಂತವಾಗಿ ಬಿಡಿಸಿದ ಚಿತ್ರಕ್ಕೆ ಬಿಡಿಸಿದ ಕ್ಷಣದಿಂದಲೇ ರಕ್ಷಣೆ ಇದೆ. ನೋಂದಣಿ ಕಡ್ಡಾಯವಲ್ಲ. ಚಿತ್ರ ಕಲಾತ್ಮಕವಾಗಿ ಉತ್ತಮವಾಗಿರಬೇಕು ಎಂಬ ಷರತ್ತೂ ಇಲ್ಲ. ಅಂದರೆ ನಿಮ್ಮ ಮಗಳ ಮೊದಲ ಬೆಕ್ಕಿನ ಚಿತ್ರಕ್ಕೂ ಹೆಸರಾಂತ ಕಲಾವಿದರ ಚಿತ್ರಕ್ಕೂ ಕಾನೂನಿನ ಕಣ್ಣಿನಲ್ಲಿ ಭೇದವಿಲ್ಲ. ಈ ಹಕ್ಕು ಬಿಡಿಸಿದವರ ಜೀವಿತಾವಧಿ ಮತ್ತು ಅದರ ನಂತರ 60 ವರ್ಷ ಇರುತ್ತದೆ. "ಇದು ನಾನು ಬಿಡಿಸಿದ್ದು" ಎಂದು ಹೇಳಿಕೊಳ್ಳುವ ಹಕ್ಕು ಚಿತ್ರವನ್ನು ಮಾರಿದ ಮೇಲೂ ಉಳಿಯುತ್ತದೆ.

ಮನೆಯಲ್ಲಿ ಕಲಿಯಲೆಂದು ಇನ್ನೊಬ್ಬರ ಚಿತ್ರ ನೋಡಿ ಬಿಡಿಸುವುದು ತಪ್ಪಲ್ಲ. ಕಸೂತಿ, ರಂಗೋಲಿ ಬೆಳೆದದ್ದೇ ಹಾಗೆ. ಆದರೆ ಅದನ್ನು ನಿಮ್ಮ ಹೆಸರಿನಲ್ಲಿ ಹಾಕುವುದು, ಅಂಗಿಯ ಮೇಲೆ ಅಚ್ಚು ಹಾಕಿಸಿ ಮಾರುವುದು ಬೇರೆ ಮಾತು. ಇನ್ನೊಬ್ಬರು ತೆಗೆದ ಫೋಟೋದ ಮೇಲೆ ಹಾಳೆ ಇಟ್ಟು ಗೆರೆ ಎಳೆದರೂ ಫೋಟೋ ತೆಗೆದವರ ಹಕ್ಕು ಹೋಗುವುದಿಲ್ಲ. ಫೋಟೋವನ್ನು ಆ್ಯಪ್ ಮೂಲಕ ರೇಖಾಚಿತ್ರ ಮಾಡಿಸಿದ್ದರೆ ಹಾಗೆಂದೇ ಹೇಳಿ. ಕೈಯಿಂದ ಬಿಡಿಸಿದವರ ಶ್ರಮಕ್ಕೆ ಅಷ್ಟು ಗೌರವ ಸಲ್ಲಬೇಕು.

ಹಂಚಿಕೊಳ್ಳುವ ಮುನ್ನ

• ಸಹಿ ಮತ್ತು ತಾರೀಖು ಚಿತ್ರದ ಗೆರೆಗಳಿಗೆ ಹತ್ತಿರವೇ ಇರಲಿ. ಹಾಳೆಯ ತುದಿಯಲ್ಲಿದ್ದರೆ ಕ್ರಾಪ್ ಮಾಡುವಾಗ ಮೊದಲು ಹೋಗುವುದು ಅದೇ.

• ಕಿಟಕಿಯ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ಮೊಬೈಲನ್ನು ಹಾಳೆಗೆ ನೇರವಾಗಿ ಮೇಲೆ ಹಿಡಿದು ಫೋಟೋ ತೆಗೆಯಿರಿ. ಓರೆ ಹಿಡಿದರೆ ಚಿತ್ರದ ಅಳತೆ ಕೆಡುತ್ತದೆ.

• ಸಾಮಾನ್ಯವಾಗಿ ಕಳಿಸಿದಾಗ ವಾಟ್ಸಾಪ್ ಫೋಟೋದ ಗಾತ್ರ ಇಳಿಸುತ್ತದೆ, ತೆಳು ಗೆರೆಗಳು ಮಸುಕಾಗುತ್ತವೆ. ಎಚ್‌ಡಿ ಆಯ್ಕೆ ಒತ್ತಿ ಅಥವಾ ಡಾಕ್ಯುಮೆಂಟ್ ಆಗಿ ಕಳಿಸಿ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಫೋಟೋ ತೆಗೆದ ಸ್ಥಳದ ಮಾಹಿತಿಯೂ ಜೊತೆಗೆ ಹೋಗಬಹುದು. ಅಪರಿಚಿತರಿಗೆ ಕಳಿಸುವ ಮೊದಲು ಕ್ಯಾಮೆರಾದ ಲೊಕೇಶನ್ ಆಫ್ ಮಾಡಿ ಫೋಟೋ ತೆಗೆಯಿರಿ.

• ಮಕ್ಕಳ ಚಿತ್ರ ಹಂಚುವಾಗ ಶಾಲೆಯ ಹೆಸರು, ತರಗತಿ, ಮನೆ ವಿಳಾಸ ಕಾಣದಂತೆ ನೋಡಿಕೊಳ್ಳಿ. ಗುರುತು ಸಿಗುವಂತೆ ಯಾರದಾದರೂ ಮುಖ ಬಿಡಿಸಿದ್ದರೆ ಅವರನ್ನು ಒಂದು ಮಾತು ಕೇಳಿ.

• ಬೇರೆಯವರ ಚಿತ್ರ ಇಷ್ಟವಾಯಿತೇ? ಹೆಸರು ಇರುವ ಪ್ರತಿಯನ್ನೇ ಕಳಿಸಿ. ಹೆಸರು ಗೊತ್ತಿಲ್ಲದಿದ್ದರೆ ಕಳಿಸಿದವರನ್ನು "ಇದು ಯಾರು ತಗದಿದ್ರಿ?" ಎಂದು ಒಮ್ಮೆ ಕೇಳಿ.

ಕೊನೆಗೆ

ರೇಖಾಚಿತ್ರ ಬಿಡಿಸಲು ವಿಶೇಷ ಮೆದುಳು ಬೇಕಿಲ್ಲ. ಅದು ರೋಗಗಳನ್ನೆಲ್ಲ ಓಡಿಸುವ ಮಂತ್ರವೂ ಅಲ್ಲ. ಎದುರಿಗಿರುವುದನ್ನು ನಿಧಾನವಾಗಿ ನೋಡಲು ಕಲಿಸುವ, ಐದು ರೂಪಾಯಿಯ ಪೆನ್ನಿನಿಂದ ಆಗುವ ಕೆಲಸ. ಈ ಲೇಖನವನ್ನು ಗ್ರೂಪಿಗೆ ಕಳಿಸುವುದಾದರೆ, ಅದರ ಜೊತೆ ಇವತ್ತಿನ ಚಾದ ಕಪ್ಪಿನ ಚಿತ್ರವೊಂದನ್ನೂ ಬಿಡಿಸಿ ಕಳಿಸಿ. ಸೊಟ್ಟ ಇದ್ದರೂ ಚಿಂತೆಯಿಲ್ಲ. ಕೆಳಗೆ ನಿಮ್ಮ ಹೆಸರು, ತಾರೀಖು ಬರೆಯುವುದನ್ನು ಮಾತ್ರ ಮರೆಯಬೇಡಿ.